ಅಲಗಿನೊಳಗೆ ಅಡಗಿ ಕುಳಿತ ಚಕ್ರ

ಹತ್ತಿಂಚು ವ್ಯಾಸದ ಸಾಣೆಚಕ್ರವೊಂದು ಗಿರ್ರನೆ ತಿರುಗುತ್ತಿದೆ ಅಂದುಕೊಳ್ಳಿ. ಚಪ್ಪಟೆಯಾದ ಉಕ್ಕಿನ ಪಟ್ಟಿಯೊಂದನ್ನು ಅದಕ್ಕೆ ಒತ್ತಿ ಹಿಡಿದಿರಿ. ಚಕ್ರ ಕೊರೆದದ್ದು ಬರೀ 0.1 ಮಿ.ಮೀ. ಆಳ, ನೋಟುಪುಸ್ತಕದ ಒಂದು ಹಾಳೆಯ ದಪ್ಪ, ಅಷ್ಟೇ. ಈಗ ಪಟ್ಟಿಯನ್ನು ಹಿಂದೆ ತೆಗೆದು ನೋಡಿದರೆ ಮೂಡಿರುವ ಕುಳಿಯ ಅಗಲ ಎಷ್ಟಿರಬೇಕು? ಊಹಿಸಿ. ಒಂದು ಮಿ.ಮೀ.? ಎರಡು? ಅಲ್ಲ ಸ್ವಾಮಿ, ಹತ್ತು! ಆಳದ ನೂರು ಪಟ್ಟು ಅಗಲ! ನನಗಂತೂ ನಂಬಿಕೆ ಬರಲಿಲ್ಲ. ಕಾಗದ, ಪೆನ್ಸಿಲ್ ಹಿಡಿದು ಕೂತು ಹೈಸ್ಕೂಲಿನ ರೇಖಾಗಣಿತವನ್ನೆಲ್ಲ ಕೆದಕಿದೆ. ಹೌದು, ಹತ್ತೇ.

ಚಾಕು ಮಾಡುವವರು 'ಹಾಲೋ ಗ್ರೈಂಡ್' ಎಂದು ಕರೆಯುವ ಕುಸುರಿ ಹುಟ್ಟುವುದು ಇಲ್ಲಿಂದಲೇ. ಅಲಗಿನ ಎರಡೂ ಮಗ್ಗುಲುಗಳನ್ನು ಚಕ್ರದ ದುಂಡಿಗೆ ಹಿಡಿದು ಒಳಕ್ಕೆ ಬಾಗಿಸುವ ಸಾಣೆ ಅದು. ಮಾಮೂಲಿ ಚಾಕುವಿನ ಮಗ್ಗುಲು ಬೆನ್ನಿನಿಂದ ಬಾಯಿಯವರೆಗೆ ನೇರ ಇಳಿಜಾರು. ಹಾಲೋ ಗ್ರೈಂಡ್ ಅಲಗು ಹಾಗಲ್ಲ. ಮೇಲಿನಿಂದ ಕಡಿದಾಗಿ ಧುಮುಕಿ, ಬಾಯಿ ಹತ್ತಿರವಾಗುತ್ತಿದ್ದಂತೆ ತೆಳ್ಳಗೆ ನೀಳವಾಗಿ ಚಾಚಿಕೊಳ್ಳುತ್ತದೆ. ಆ ಬಾಗು ಯಾರೋ ಕಣ್ಣಳತೆಯಲ್ಲಿ ಕೊಟ್ಟದ್ದಲ್ಲ, ಅಪ್ಪಟ ವೃತ್ತದ ತುಣುಕು! ಅಲಗಿನ ಎಡಕ್ಕೊಂದು ಬಲಕ್ಕೊಂದು ಚಕ್ರ ಕಣ್ಣಿಗೆ ಕಾಣದೆ ನಿಂತಿವೆ. ಕುಳಿಯ ಅಗಲವನ್ನು ಅದರಿಂದಲೇ ಗುಣಿಸಿ, ಆಳದ ಎಂಟರಷ್ಟರಿಂದ ಭಾಗಿಸಿದರೆ ಚಕ್ರದ ತ್ರಿಜ್ಯ ಸಿಕ್ಕಿತು. ಅಜ್ಜನ ಕಾಲದ ಅಲಗನ್ನು ಸಾಣೆ ಹಿಡಿದ ಚಕ್ರ ಯಾವತ್ತೋ ಸವೆದು ಮಣ್ಣುಪಾಲಾಗಿರುತ್ತದೆ. ಅದರ ಅಳತೆ ಮಾತ್ರ ಉಕ್ಕಿನಲ್ಲಿ ಉಳಿದಿರುತ್ತದೆ.

ಇಂಥ ಅಲಗನ್ನು ನಡುವಯಸ್ಸು ದಾಟಿದವರು ನೋಡಿಯೇ ಇರುತ್ತೀರಿ. ಅರ್ಧ ಬ್ಲೇಡು ಸಿಕ್ಕಿಸುವ ಕತ್ತಿ ಬರುವ ಮುಂಚೆ ನಮ್ಮೂರುಗಳ ಕ್ಷೌರದಂಗಡಿಗಳಲ್ಲಿ ಗೋಡೆಗೆ ನೇತುಹಾಕಿದ ಚರ್ಮದ ಪಟ್ಟಿಗೆ ಸರಕ್ ಸರಕ್ ಎಂದು ಉಜ್ಜುತ್ತಿದ್ದರಲ್ಲ, ಆ ಮಡಚುವ ಕತ್ತಿ. ಅದರ ಅಗಲವನ್ನು ಇವತ್ತಿಗೂ ಇಂಚಿನ ಎಂಟನೇ ಭಾಗಗಳಲ್ಲೇ ಹೇಳುತ್ತಾರೆ. ಎಂಟರಲ್ಲಿ ಐದು ಎಂದರೆ ಸುಮಾರು 16 ಮಿ.ಮೀ. ಬೆನ್ನಿನ ದಪ್ಪ ಹೆಚ್ಚುಕಡಿಮೆ 5 ಮಿ.ಮೀ. ಮಸೆಯುವಾಗ ಅದನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸುತ್ತಾರೆ. ನಡುವೆ ಕುಳಿ ಇರುವುದರಿಂದ ಕಲ್ಲಿಗೆ ತಾಗುವುದು ಎರಡೇ ಕಡೆ: ಬೆನ್ನು ಮತ್ತು ಬಾಯಿ. ಎಷ್ಟು ಓರೆ ಹಿಡಿಯಬೇಕು ಎಂದು ಕೈ ತಲೆ ಕೆಡಿಸಿಕೊಳ್ಳಬೇಕಾಗಿಯೇ ಇಲ್ಲ! ಐದಕ್ಕೆ ಹದಿನಾರರ ಆ ಲೆಕ್ಕವೇ ಬಾಯಿಗೆ ಸುಮಾರು 18 ಡಿಗ್ರಿ ಕೋನ ಕೊಟ್ಟುಬಿಡುತ್ತದೆ. ವರ್ಷಗಟ್ಟಲೆ ಮಸೆದರೂ ಬೆನ್ನು, ಬಾಯಿ ಎರಡೂ ಜೊತೆಜೊತೆಗೇ ಸವೆಯುವುದರಿಂದ ಕೋನ ಅಷ್ಟು ಸುಲಭಕ್ಕೆ ಕದಲುವುದಿಲ್ಲ. ಕೋನಮಾಪಕವನ್ನು ಕತ್ತಿಯ ಬೆನ್ನಿನಲ್ಲೇ ಅಡಗಿಸಿಟ್ಟ ಪುಣ್ಯಾತ್ಮ ಯಾರೋ, ಅವನಿಗೊಂದು ದೊಡ್ಡ ನಮಸ್ಕಾರ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಕುಳಿಯಲ್ಲ, ಗೆರೆ. ಕುಳಿ ಎಲ್ಲಿ ಮುಗಿದು ಅಲಗಿನ ಚಪ್ಪಟೆ ಭಾಗ ಎಲ್ಲಿ ಶುರುವಾಗುತ್ತದೋ ಅಲ್ಲೊಂದು ಚೂಪಾದ ಗೆರೆ ಮೂಡುತ್ತದೆ. ಬಾಯಿಯಿಂದ ಆ ಗೆರೆಯವರೆಗಿನ ದೂರವೇ ಸಾಣೆಯ ಎತ್ತರ. ನೋಡುವವರಿಗೆ ಅದೊಂದು ಅಂದದ ಸಂಗತಿ. ಸ್ವಲ್ಪ ಮೇಲಿದ್ದರೆ ಚೆಂದವೋ ಕೆಳಗಿದ್ದರೆ ಚೆಂದವೋ, ಮಾಡುವವನ ಇಷ್ಟ ಇರಬೇಕು ಎಂದೇ ನಾನೂ ಅಂದುಕೊಂಡಿದ್ದೆ. ಇಷ್ಟವಂತೆ! ಅಲ್ಲಿ ಕೂತಿರುವುದು ಒಂದು ಕಟ್ಟುನಿಟ್ಟಾದ ವರ್ಗಮೂಲ!

ಬೇಟೆಗಾರರು ಬಳಸುವಂಥ ಒಂದು ಸಾಧಾರಣ ಚಾಕು ತೆಗೆದುಕೊಳ್ಳೋಣ. ಪಟ್ಟಿಯ ದಪ್ಪ ಇಂಚಿನ ಎಂಟನೇ ಒಂದು, ಅಂದರೆ 3.2 ಮಿ.ಮೀ. ಕಲ್ಲಿಗೆ ಹಿಡಿದು ಕೊನೆಯ ಹರಿತ ಕೊಡುವ ಮೊದಲು ಬಾಯಿಯಲ್ಲಿ 0.4 ಮಿ.ಮೀ. ದಪ್ಪ ಉಳಿಸಬೇಕು. ಎರಡರ ನಡುವಿನ ವ್ಯತ್ಯಾಸ 2.8. ಇದನ್ನು ಚಕ್ರದ ತ್ರಿಜ್ಯದಿಂದ ಗುಣಿಸಿ ವರ್ಗಮೂಲ ತೆಗೆಯಿರಿ. ಹತ್ತಿಂಚಿನ ಚಕ್ರದ ತ್ರಿಜ್ಯ 127 ಮಿ.ಮೀ.; ಉತ್ತರ ಸುಮಾರು 19. ಈ ಅಲಗಿಗೆ, ಈ ಚಕ್ರದಲ್ಲಿ, ಗೆರೆ ಏರಬಹುದಾದ ಗಡಿ ಅದು. ಆ ಎತ್ತರದಲ್ಲಿ ಚಕ್ರದ ಅತ್ಯಂತ ಉಬ್ಬಿದ ಜಾಗ ಸರಿಯಾಗಿ ಅಲಗಿನ ಬಾಯಿಗೆ ಬಂದು ಕೂರುತ್ತದೆ. ಅಲಗಿನ ಅತಿ ತೆಳುವಾದ ಜಾಗ ಬಾಯಿಯೇ ಆಗಿರುತ್ತದೆ, ಅಲ್ಲಿಂದ ಮೇಲಕ್ಕೆ ಮೆಲ್ಲಗೆ, ಬಹಳ ಮೆಲ್ಲಗೆ, ದಪ್ಪ ಕೂಡುತ್ತಾ ಹೋಗುತ್ತದೆ. ಎಷ್ಟು ಮೆಲ್ಲಗೆ ಅಂದರೆ, ಬಾಯಿಯಿಂದ 5 ಮಿ.ಮೀ. ಮೇಲೆ ಹೋದರೂ ದಪ್ಪ ಬರೀ 0.6! ಅದೇ ಎತ್ತರಕ್ಕೆ ನೇರ ಇಳಿಜಾರಿನ ಸಾಣೆ ಹಿಡಿದಿದ್ದರೆ ಅಲ್ಲಿ 1.1 ಮಿ.ಮೀ. ಮೀರಿರುತ್ತಿತ್ತು. ಮಸೆದು ಮಸೆದು 5 ಮಿ.ಮೀ. ಸವೆದುಹೋದ ಮೇಲೂ ಹಾಲೋ ಗ್ರೈಂಡ್ ಚಾಕು ತೆಳುವಾಗಿಯೇ ಕೊಯ್ಯುವುದರ ಗುಟ್ಟು ಇದು.

ಸರಿ, ಗಡಿ ದಾಟಿದರೆ ಏನಾಗುತ್ತದೆ? ಗೆರೆಯನ್ನು ಇನ್ನೊಂದು ಆರು ಮಿ.ಮೀ. ಏರಿಸಿ 25ಕ್ಕೆ ತಂದೆವು ಅನ್ನಿ. ಕಣ್ಣಿಗೆ ಏನೂ ತೋರುವುದಿಲ್ಲ, ಅಲಗು ಇನ್ನಷ್ಟು ಚೆಲುವಾಗಿಯೇ ಕಾಣುತ್ತದೆ. ಆದರೆ ಒಳಗೆ ನಡೆದಿರುವುದು ಕೇಳಿ: ಬಾಯಿಯಲ್ಲಿ 0.4 ಮಿ.ಮೀ. ದಪ್ಪ ಹಾಗೇ ಇದೆ, ಅದಕ್ಕಿಂತ 5 ಮಿ.ಮೀ. ಮೇಲೆ ಉಳಿದಿರುವುದು ಮಾತ್ರ 0.17! ಅಲಗಿಗೆ ಸೊಂಟ ಬಂದುಬಿಟ್ಟಿದೆ. ಬಾಗುವುದನ್ನು ತಡೆಯುವ ಬಲ ದಪ್ಪದ ಘನದ ಲೆಕ್ಕದಲ್ಲಿ ಇಳಿಯುವುದರಿಂದ ಆ ಸೊಂಟದ ಬಿಗಿತ ಬಾಯಿಯ ಹದಿಮೂರನೇ ಒಂದು ಪಾಲು. ಎಲುಬಿಗೆ ತಾಗಿದ ಅಲಗು ಅಲ್ಲೇ ಮಡಚಿಕೊಳ್ಳುತ್ತದೆ. ಇನ್ನೂ ಮೂರು ಮಿ.ಮೀ. ಏರಿಸಿ ನೋಡಿ, 28ಕ್ಕೆ. ಎಡದ ಚಕ್ರವೂ ಬಲದ ಚಕ್ರವೂ ಅಲಗಿನೊಳಗೆ ಪರಸ್ಪರ ಮುಟ್ಟಿಬಿಡುತ್ತವೆ. ಬಾಯಿ ಅಲ್ಲೇ ಇದೆ, ಬೆನ್ನೂ ಇದೆ, ನಡುವೆ ತೂತು! 19ರಿಂದ 28, ಕಿರುಬೆರಳಿನ ಅಗಲವೂ ಇಲ್ಲ. ಅಷ್ಟರಲ್ಲಿ ಒಳ್ಳೆಯ ಚಾಕುವೊಂದು ಗುಜರಿಗೆ ಹೋಗುತ್ತದೆ.

ಹಾಗಾದರೆ ದೊಡ್ಡ ಚಕ್ರ ತಂದರಾಯಿತಲ್ಲ ಅನ್ನುತ್ತೀರಿ. ತರಬಹುದು, ಆದರೆ ವರ್ಗಮೂಲ ಬಲು ಜಿಪುಣ. ಇದೇ ಅಲಗಿಗೆ 4 ಇಂಚಿನ ಚಕ್ರ 12 ಮಿ.ಮೀ. ಎತ್ತರ ಕೊಡುತ್ತದೆ, 8 ಇಂಚಿನದು 17, ಹತ್ತಿಂಚಿನದು 19, 14 ಇಂಚಿನದು 22. ಮೊದಲಿನ ಹನ್ನೆರಡನ್ನು ಇಪ್ಪತ್ತನಾಲ್ಕು ಮಾಡಬೇಕಾದರೆ 8 ಇಂಚು ಸಾಲದು, 16 ಇಂಚಿನ ಚಕ್ರವೇ ಬೇಕು. ಎತ್ತರ ಎರಡರಷ್ಟಾಗಲು ಚಕ್ರ ನಾಲ್ಕರಷ್ಟು!

ಈಗ ಕಾರ್ಖಾನೆಯೊಳಕ್ಕೆ ಬನ್ನಿ. ಇವತ್ತಿನ ಸಣ್ಣ ಕಾರ್ಖಾನೆಗಳಲ್ಲಿ ಕಲ್ಲಿನ ಚಕ್ರ ಇರುವುದಿಲ್ಲ. ರಬ್ಬರು ಹೊದ್ದ ಗಾಲಿಯ ಮೇಲೆ ಎರಡಿಂಚು ಅಗಲ, 72 ಇಂಚು ಸುತ್ತಳತೆಯ ಉಜ್ಜುಬೆಲ್ಟು ಓಡುತ್ತಿರುತ್ತದೆ. ಸಾಣೆ ಹಿಡಿಯುವವನು ಮೊದಲು ಪಟ್ಟಿಯ ಅಂಚಿಗೆ ನೀಲಿ ಮಾರ್ಕರ್ ಬಳಿದು, ನಟ್ಟನಡುವೆ ಸೂಜಿಮೊನೆಯಿಂದ ಎರಡು ಗೀರು ಎಳೆದುಕೊಳ್ಳುತ್ತಾನೆ. ಅವೆರಡರ ನಡುವೆ ಉಳಿಯಬೇಕಾದದ್ದೇ ಆ 0.4. ಬಾಯಿಯನ್ನು ಮೇಲೆ ಮಾಡಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಂಡು, ಇಡೀ ಮೈಯನ್ನೇ ಪಕ್ಕಕ್ಕೆ ಸರಿಸುತ್ತಾ ಅಲಗನ್ನು ಬೆಲ್ಟಿಗೆ ಎಳೆಯುತ್ತಾನೆ. ಕಿಡಿಗಳ ಹೊಳೆ! ಅವನು ಮಾತ್ರ ಕಿಡಿಗಳನ್ನು ನೋಡುವುದಿಲ್ಲ, ಬೆಲ್ಟಿನ ಆಚೆ ಬದಿಯಲ್ಲಿ ಬಾಯಿಯ ಉದ್ದಕ್ಕೆ ಹೊಳೆಯುವ ಬೆಳಕಿನ ಎಳೆ ಸಮವಾಗಿದೆಯೇ ಎಂದು ನೋಡುತ್ತಾನೆ. ಕೈಗೆ ಗವುಸಿಲ್ಲ. ಅಲಗು ಬೆರಳಿಗೆ ಬಿಸಿ ತಾಗಿದ್ದೇ ತಡ, ಪಕ್ಕದ ಬಕೆಟ್ಟಿನ ನೀರಿಗೆ ಚುಂಯ್ ಎನ್ನಿಸುತ್ತಾನೆ. ಹದ ಕೊಟ್ಟ ಉಕ್ಕಿನ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತದೆ. 220 ಡಿಗ್ರಿಯ ಆಸುಪಾಸಿನಲ್ಲಿ ಒಣಹುಲ್ಲಿನ ಬಣ್ಣ, 300ರ ಹತ್ತಿರ ನೀಲಿ. ಸಾಮಾನ್ಯ ಕಾರ್ಬನ್ ಉಕ್ಕಿನ ಬಾಯಿಯಲ್ಲಿ ನೀಲಿ ಕಂಡರೆ ಹದ ಹೋಯಿತೆಂದೇ ಲೆಕ್ಕ.

ಗೆರೆ ಏರುವುದನ್ನು ನೋಡಬೇಕು! ಶುರುವಿನಲ್ಲಿ ಎರಡು ಮೂರು ಎಳೆತಕ್ಕೇ ಸರಸರನೆ ಮೇಲೆ ಬರುತ್ತದೆ. ಆಮೇಲೆ ನಿಧಾನವಾಗುತ್ತದೆ. ಕೊನೆಕೊನೆಗೆ ಎಷ್ಟು ಉಜ್ಜಿದರೂ ಕದಲುವುದಿಲ್ಲ. ಬೆಲ್ಟು ಸವೆದಿದೆಯೇ, ಕೈ ಸೋತಿದೆಯೇ? ಎರಡೂ ಅಲ್ಲ. ಹತ್ತಿಂಚಿನ ಚಕ್ರಕ್ಕೆ ಲೆಕ್ಕ ಹಾಕಿ ನೋಡಿ. ಗೆರೆ 5 ಮಿ.ಮೀ. ಏರಲು ಒಂದೊಂದು ಮಗ್ಗುಲಿನಲ್ಲೂ ಇಳಿಯಬೇಕಾದ ಆಳ ಸುಮಾರು 0.1 ಮಿ.ಮೀ. ಅಲ್ಲಿಂದ ಇನ್ನೊಂದು 5 ಏರಬೇಕಾದರೆ 0.3. ಮತ್ತೊಂದು 5ಕ್ಕೆ 0.5. ನಾಲ್ಕನೆಯ 5ಕ್ಕೆ 0.7, ನಮ್ಮ ಅಲಗಿನಲ್ಲಿ ಅಷ್ಟು ಉಕ್ಕೇ ಉಳಿದಿರುವುದಿಲ್ಲ, ಅದಕ್ಕೇ 19ಕ್ಕೆ ಆಟ ಮುಗಿಯುತ್ತದೆ. ಒಂದು, ಮೂರು, ಐದು, ಏಳು... ಈ ಬೆಸಸಂಖ್ಯೆಗಳ ಸಾಲನ್ನು ಎಲ್ಲಿ ನೋಡಿದ್ದೆ? ಗೆಲಿಲಿಯೊ! ಇಳಿಜಾರು ಹಲಗೆಯ ಮೇಲೆ ಗುಂಡು ಉರುಳಿಸಿ ಅವನು ಕಂಡುಕೊಂಡದ್ದು ಇದನ್ನೇ ಅಲ್ಲವೇ: ಸಮನಾದ ಒಂದೊಂದು ಕಾಲಾವಧಿಯಲ್ಲಿ ಗುಂಡು ಸಾಗುವ ದೂರ ಒಂದು, ಮೂರು, ಐದು, ಏಳರ ಹಾಗೆ ಕೂಡುತ್ತಾ ಹೋಗುತ್ತದೆ. ಮರದಿಂದ ಮಾವಿನಕಾಯಿ ಬೀಳುವ ಲೆಕ್ಕವೂ ಚಾಕುವಿನ ಮೇಲೆ ಗೆರೆ ಏರುವ ಲೆಕ್ಕವೂ ಒಂದೇ! ಇದನ್ನು ಕಾಗದದ ಮೇಲೆ ಕಂಡ ರಾತ್ರಿ ನಾನು ಮನೆಯವರನ್ನೆಲ್ಲ ಎಬ್ಬಿಸಿ ಹೇಳಿದೆ. ಯಾರಿಗೂ ಅಷ್ಟೇನೂ ಸಂತೋಷವಾದಂತೆ ಕಾಣಲಿಲ್ಲ.

ಉಜ್ಜಿ ತೆಗೆಯಬೇಕಾದ ಲೋಹದ ಲೆಕ್ಕ ಇದಕ್ಕಿಂತಲೂ ಜೋರು. ಅದು ಎತ್ತರದ ಘನದ ಪ್ರಕಾರ ಏರುತ್ತದೆ. ಒಂದೇ ಚಕ್ರದಲ್ಲಿ ಎತ್ತರ ಎರಡರಷ್ಟಾದರೆ ಪುಡಿಯಾಗಬೇಕಾದ ಉಕ್ಕು ಎಂಟರಷ್ಟು. ಇಡೀ ಕೆಲಸದ ಅರ್ಧಕ್ಕಿಂತ ಹೆಚ್ಚು ಪಾಲು ಎತ್ತರದ ಕೊನೆಯ ಕಾಲುಭಾಗದಲ್ಲೇ ಇರುತ್ತದೆ. ಗೆರೆಯನ್ನು ಇನ್ನೊಂಚೂರು ಮೇಲೆ ತಗೊಂಡರೆ ಚೆನ್ನಾಗಿರುತ್ತಿತ್ತು ಎಂದು ಅಂಗಡಿಯಲ್ಲಿ ನಿಂತು ಹೇಳುವವರಿಗೆ ಆ 'ಒಂಚೂರಿ'ನ ಬೆಲೆ ಗೊತ್ತಿರುವುದಿಲ್ಲ. ಪಳಗಿದವರು ಕೈಯನ್ನು ಕೂದಲೆಳೆಯಷ್ಟು ವಾಲಿಸಿ, ಮೇಲಿನದೊಂದು ಕೆಳಗಿನದೊಂದು ಕುಳಿಯನ್ನು ಒಂದರೊಳಗೊಂದು ಬೆರೆಸಿ, ಸಣ್ಣ ಚಕ್ರದಲ್ಲೇ ದೊಡ್ಡ ಚಕ್ರದ ಬಾಗು ತರುತ್ತಾರೆ. ಲೆಕ್ಕ ಅಲ್ಲಿ ಕೈಗೆ ಶರಣಾಗುತ್ತದೆ.

ಇಂಥ ಸಾಣೆಯನ್ನು ಬೇಟೆಚಾಕುಗಳಲ್ಲಿ ಮನೆಮಾತು ಮಾಡಿದವರಲ್ಲಿ ದೊಡ್ಡ ಹೆಸರು ಅಮೆರಿಕದ ಬಾಬ್ ಲವ್‌ಲೆಸ್ (1929–2010). ಹಡಗಿನ ಕೆಲಸದಲ್ಲಿದ್ದ ಈ ಆಸಾಮಿ 1950ರ ದಶಕದ ಆರಂಭದಲ್ಲಿ ನ್ಯೂಯಾರ್ಕಿನ ಅಂಗಡಿಯಲ್ಲಿ ಒಳ್ಳೆಯ ಚಾಕು ಕೇಳಿದರೆ ತಿಂಗಳುಗಟ್ಟಲೆ ಕಾಯಬೇಕು ಎಂದರಂತೆ. ಕಾಯುವ ಜಾಯಮಾನ ಅವರದಲ್ಲ. ಗುಜರಿಯಲ್ಲಿ ಬಿದ್ದಿದ್ದ ಹಳೆಯ ಪ್ಯಾಕರ್ಡ್ ಕಾರಿನ ಸ್ಪ್ರಿಂಗ್ ಪಟ್ಟಿಯಿಂದ ತಾವೇ ಒಂದನ್ನು ಮಾಡಿಕೊಂಡರು. ಮುಂದೆ ಬೆನ್ನು ಮೆಲ್ಲಗೆ ತುದಿಗೆ ಇಳಿಯುವ, ಮಗ್ಗುಲು ಒಳಬಾಗಿದ ಅವರ ಚಾಕು ಪ್ರಪಂಚದಾದ್ಯಂತ ಮಾದರಿಯಾಯಿತು. ಪ್ರಾಣಿಯ ಚರ್ಮ ಸುಲಿಯುವ ಕೆಲಸಕ್ಕೆ ತೆಳು ಬಾಯಿ, ಕೈಗೆ ಬಲ ಸಿಗಲು ದಪ್ಪ ಬೆನ್ನು. ಎರಡನ್ನೂ ಒಂದೇ ಪಟ್ಟಿಯಲ್ಲಿ ಕೊಡಬಲ್ಲದ್ದು ಹಾಲೋ ಗ್ರೈಂಡ್ ತಾನೆ.

ಅಡುಗೆಮನೆಗೆ ಬಂದರೆ ಲೆಕ್ಕ ತಲೆ ತಿರುಗಿಸುತ್ತದೆ. ತರಕಾರಿ ಹೆಚ್ಚುವ ದೊಡ್ಡ ಚಾಕುವಿನ ಅಗಲ 45 ಮಿ.ಮೀ. ಇರಲಿ, ಬೆನ್ನು 2.5, ಬಾಯಿ 0.3. ಬೆನ್ನಿನಿಂದ ಬಾಯಿಯವರೆಗೂ ಒಂದೇ ಕುಳಿ ಬೇಕೆಂದರೆ ಚಕ್ರದ ತ್ರಿಜ್ಯ 920 ಮಿ.ಮೀ. ವ್ಯಾಸ ಆರಡಿ! ಆಳೆತ್ತರದ ಚಕ್ರವನ್ನು ಎಲ್ಲಿ ನಿಲ್ಲಿಸುತ್ತೀರಿ? ಅದಕ್ಕೇ ಈಗಿನವರು ಪೂರ್ತಿ ಚಕ್ರದ ಗೊಡವೆಗೇ ಹೋಗದೆ, 36 ಇಂಚು ತ್ರಿಜ್ಯದ ವೃತ್ತದಿಂದ ಗೇಣುದ್ದ ಕತ್ತರಿಸಿ ತೆಗೆದಂತಿರುವ ಬಾಗಿದ ಫಲಕವನ್ನು ಬೆಲ್ಟಿನ ಹಿಂದೆ ಕೂರಿಸುತ್ತಾರೆ. 36 ಇಂಚು ಎಂದರೆ 914 ಮಿ.ಮೀ.; ನಮ್ಮ ಪೆನ್ಸಿಲ್ ಲೆಕ್ಕದ ಪಕ್ಕದಲ್ಲೇ ಬಂದು ಕೂತಿತು!

ಹಿಂದಿನವರಿಗೆ ಫಲಕವೂ ಇರಲಿಲ್ಲ, ಬೆಲ್ಟೂ ಇರಲಿಲ್ಲ, ಹೊಳೆ ಇತ್ತು. ಫ್ರಾನ್ಸಿನ ತಿಯೇರ್ ಪಟ್ಟಣದ ಡ್ಯುರೊಲ್ ಹೊಳೆಯ ದಂಡೆಯಲ್ಲಿ ನೀರಿನ ಬಲದಿಂದ ತಿರುಗುವ ಸಾಣೆಕಲ್ಲುಗಳ ಮೇಲೆ ಹಲಗೆ ಹಾಕಿ, ಅದರ ಮೇಲೆ ಬೋರಲು ಮಲಗಿ ಕೆಲಸ ಮಾಡುತ್ತಿದ್ದರು. ಮೈಭಾರವೆಲ್ಲ ಅಲಗಿನ ಮೇಲೆ. ಚಳಿ ತಡೆಯಲು ಕಾಲಿನ ಮೇಲೆ ನಾಯಿಯನ್ನು ಮಲಗಿಸಿಕೊಳ್ಳುತ್ತಿದ್ದರು! ಕಲ್ಲಿನ ಹಳದಿ ಕೆಸರು ಮೆತ್ತಿ ಅವರಿಗೆ 'ಹಳದಿ ಹೊಟ್ಟೆಯವರು' ಎಂದೇ ಹೆಸರು ಬಿದ್ದಿತ್ತು. ಇಂಗ್ಲೆಂಡಿನ ಶೆಫೀಲ್ಡಿನ ಕತೆ ಕೇಳಿದರೆ ಮಾತ್ರ ಬೆರಗು ಅಲ್ಲೇ ಹೆಪ್ಪುಗಟ್ಟುತ್ತದೆ. ನೀರಿಲ್ಲದೆ ಒಣ ಸಾಣೆ ಹಿಡಿಯುವವರ ಸರಾಸರಿ ಆಯುಷ್ಯ 35 ಮುಟ್ಟುವುದೇ ಕಷ್ಟ, ನೀರು ಹನಿಸಿ ಹಿಡಿಯುವವರದು 45 ದಾಟುವುದು ಅಪರೂಪ ಎಂದು ಮಾರ್ಕ್ಸ್‌ನ ಒಡನಾಡಿ ಎಂಗೆಲ್ಸ್ 1845ರ ತನ್ನ ಪುಸ್ತಕದಲ್ಲಿ ಬರೆದಿದ್ದಾನೆ. ಕಲ್ಲಿನ ದೂಳು, ಉಕ್ಕಿನ ದೂಳು ಎದೆಗೂಡು ಸೇರುತ್ತಿತ್ತು. ಇವತ್ತು ಮಾಸ್ಕ್ ಇಲ್ಲದೆ ಗ್ರೈಂಡರಿನ ಮುಂದೆ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಎಲ್ಲ ಚಾಕುವಿಗೂ ಕುಳಿ ಬೇಕೇ? ಖಂಡಿತ ಬೇಡ. ಸಿಹಿಗುಂಬಳಕ್ಕೆ ಎತ್ತರದ ಹಾಲೋ ಗ್ರೈಂಡ್ ಚಾಕು ಇಳಿಸಿ ನೋಡಿ. ಮೊದಲರ್ಧ ಇಂಚು ಸಲೀಸಾಗಿ ಇಳಿಯುತ್ತದೆ, ಆಮೇಲೆ ದಪ್ಪ ದಿಢೀರನೆ ಏರುವ ಜಾಗ ಕಾಯಿಗೆ ಸಿಕ್ಕಿ ಬೆಣೆಯಾಗಿ ನಿಲ್ಲುತ್ತದೆ. ಅಂಥ ಕೆಲಸಕ್ಕೆ ನಮ್ಮ ಈಳಿಗೆಮಣೆಯನ್ನು ಮೀರಿಸಿದ್ದು ನಾನಂತೂ ಕಂಡಿಲ್ಲ. ಸೌದೆ ಸೀಳುವ, ಎಳನೀರು ಕೆತ್ತುವ ಕತ್ತಿಗೂ ಈ ನಾಜೂಕು ಸಲ್ಲದು. ಬಿರುಸಿನ ಕೆಲಸದ ಚಾಕುವಿಗೆ ಗೆರೆಯನ್ನು ಗಡಿಗಿಂತ ಬಹಳ ಕೆಳಗೇ ನಿಲ್ಲಿಸುವುದು ಮೇಲು. ಅದೇ 3.2 ಮಿ.ಮೀ. ಪಟ್ಟಿಗೆ ಅದೇ ಹತ್ತಿಂಚಿನ ಚಕ್ರದಲ್ಲಿ 12 ಮಿ.ಮೀ. ಎತ್ತರ ಕೊಟ್ಟರೆ ನೇರ ಇಳಿಜಾರಿನಿಂದ ಒಳಕ್ಕೆ ಕುಳಿಯ ಆಳ 0.14 ಮಿ.ಮೀ. ಮಾತ್ರ, ಹೆಸರಿಗೆ ಹಾಲೋ ಗ್ರೈಂಡ್, ಮೈಕಟ್ಟು ಬಹುಪಾಲು ನೇರ ಇಳಿಜಾರಿನದೇ. ಎತ್ತರದ ಗೆರೆಯೇ ಉತ್ತಮ ಚಾಕುವಿನ ಲಕ್ಷಣ ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ.

ಜಪಾನಿನ ಸಕಾಯಿ ಊರಿನವರು ಇನ್ನೂ ಜಾಣರು. ಮೀನು ಹೆಚ್ಚುವ ಅವರ ಒಂದೇ ಮಗ್ಗುಲಿನ ಚಾಕುವಿನಲ್ಲಿ ಕುಳಿ ಇರುವುದು ಚಪ್ಪಟೆಯಾಗಿ ಕಾಣುವ ಹಿಂಬದಿಯಲ್ಲಿ! ಕಲ್ಲಿಗೆ ಹಿಡಿದರೆ ಸುತ್ತಲಿನ ಸಣ್ಣ ಅಂಚು ಮಾತ್ರ ತಾಗುತ್ತದೆ, ಮೀನಿನ ಹೋಳೂ ಅಲಗಿಗೆ ಅಷ್ಟಾಗಿ ಅಂಟುವುದಿಲ್ಲ.

ಇಷ್ಟೆಲ್ಲ ಓದಿಕೊಂಡು, ವರ್ಗಮೂಲದ ಗಡಿ ದಾಟಿದವರು ಕೆಟ್ಟರು ಎಂದು ನಾನು ನಿಶ್ಚಿಂತನಾಗಿದ್ದೆ. ಆಗ ಕೈಗೆ ಸಿಕ್ಕಿದ್ದು ಜರ್ಮನಿಯ ಸೋಲಿಂಗೆನ್. ವುಪ್ಪರ್ ನದಿಯ ಆ ಊರಿನ ಹೆಸರನ್ನು ಬೇರೆ ಕಡೆ ಮಾಡಿದ ಅಲಗಿನ ಮೇಲೆ ಕೆತ್ತಬಾರದು ಎಂದು 1938ರಲ್ಲೇ ಕಾನೂನಾಯಿತು; ಅಷ್ಟು ಮರ್ಯಾದೆಯ ಊರು. ಅಲ್ಲಿನ ಉತ್ಕೃಷ್ಟ ಕ್ಷೌರದ ಕತ್ತಿಗಳು ಗಡಿಯೊಳಗೆ ಇಲ್ಲವೇ ಇಲ್ಲ! 5 ಮಿ.ಮೀ. ಬೆನ್ನು, 13 ಮಿ.ಮೀ. ಕುಳಿ ಎಂದರೆ ಗಡಿಯ ಚಕ್ರದ ವ್ಯಾಸ 7 ಸೆಂಟಿಮೀಟರಿಗೂ ಕಡಿಮೆ ಆಯಿತು. ಅವರು ಬೇಕೆಂದೇ ಬೆನ್ನಿನ ಕೆಳಗೆ ಇನ್ನೂ ಆಳಕ್ಕೆ ಇಳಿಯುತ್ತಾರೆ. ಆ ಕುಳಿಯ ಅತಿ ತೆಳು ಜಾಗ ಬಾಯಿಗಿಂತ ಬಲು ಮೇಲೆ. ಅದರ ಕೆಳಗೆ ಒಂದು ಸಣ್ಣ ಉಬ್ಬು, ಉಬ್ಬಿನ ಕೆಳಗೆ ಇನ್ನೊಂದು ಕುಳಿ, ಆಮೇಲೆ ಬಾಯಿ. ಬೇಟೆಚಾಕುವನ್ನು ಗುಜರಿಗೆ ಕಳಿಸುವ ಅದೇ ಸೊಂಟ ಇಲ್ಲಿ ಬೇಕೆಂದೇ ಇಟ್ಟದ್ದು. ಎರಡನೆಯ ಕುಳಿ ಬಾಯಿಯನ್ನು ಇನ್ನೂ ತೆಳ್ಳಗೆ ಮಾಡುತ್ತದೆ, ನಡುವಿನ ಉಬ್ಬು ಅದು ಅಲ್ಲಾಡದಂತೆ ಹಿಡಿದಿಡುತ್ತದೆ. ಕೂದಲು ಕತ್ತರಿಸಲು ಬಲ ಬೇಕಿಲ್ಲವಲ್ಲ!

ಇಷ್ಟು ತೆಳುವಾದದ್ದನ್ನು ಒಂದೇ ಚಕ್ರಕ್ಕೆ ಒತ್ತಿದರೆ ಅದು ಬಾಗಿ ತಪ್ಪಿಸಿಕೊಳ್ಳುತ್ತದೆ. ಹಾಗಾಗಿ ಎದುರುಬದುರು ತಿರುಗುವ ಎರಡು ಚಕ್ರಗಳ ನಡುವೆ ಕತ್ತಿಯನ್ನು ತೂರಿಸಿ, ಎರಡೂ ಮಗ್ಗುಲನ್ನು ಒಮ್ಮೆಗೇ ಅರೆಯುತ್ತಾರೆ. ಅಲಗಿನೊಳಗೆ ಅಡಗಿರುತ್ತವೆ ಎಂದೆನಲ್ಲ, ಆ ಎರಡು ಚಕ್ರಗಳು ಅಲ್ಲಿ ನಿಜಕ್ಕೂ ಅಕ್ಕಪಕ್ಕ ನಿಂತಿರುತ್ತವೆ! ಚಕ್ರದಿಂದ ಬಂದ ಕತ್ತಿಯ ಬಾಯಿಯನ್ನು ಹೆಬ್ಬೆರಳಿನ ಉಗುರಿನ ಮೇಲಿಟ್ಟು ಹಗುರಾಗಿ ಒತ್ತಿದರೆ, ಉಗುರಿನ ಉಬ್ಬಿಗೆ ಸರಿಯಾಗಿ ಉಕ್ಕು ಬಳುಕುವುದು ಬರಿಗಣ್ಣಿಗೇ ಕಾಣುತ್ತದೆ.